ಟೊಂಗಿ ಕಡಿಯುವ ದಂಧೆ: ಮಷೀನ್ ಮೊದಲೋ, ಗಾಡಿ ಮೊದಲೋ?



ಮಾನ್ವಿ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ನಡಾವಳಿ ಬರೆದು, ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಒಬ್ಬ ಅಕ್ಕ ಮೆಲ್ಲಗೆ ಮಾತು ತೆಗೆದರು: “ನನ್ನ ಮಗ ಗಿಡ ಹತ್ತಿ ಟೊಂಗಿ ಕಡಿಯೋ ಕೆಲಸ ಮಾಡ್ತಾನ್ರಿ. ಒಂದು ಕಟಿಂಗ್ ಮಷೀನ್, ಒಂದು ಸಣ್ಣ ಗೂಡ್ಸ್ ಗಾಡಿ ಇದ್ರ ರಾಯಚೂರು, ದೇವದುರ್ಗದ ತನಕ ಕೆಲಸ ಹಿಡೀಬಹುದು ಅಂತಾನ. ಮೂರು ಲಕ್ಷ ನಲವತ್ತು ಸಾವಿರ ಬೇಕಂತ. ಸಂಘದ ಹೆಸರಿನಾಗ ಸಾಲ ತೆಗೀಲೇನ್ರಿ?”

ಉಳಿದ ಹದಿನಾಲ್ಕು ಮಂದಿ ಸುಮ್ಮನಾದರು. ಯಾಕೆ ಸುಮ್ಮನಾದರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿನವರು ಸಂಘಕ್ಕೆ ಹತ್ತು ಲಕ್ಷದವರೆಗೆ ಜಾಮೀನು ಕೇಳದೆ ಸಾಲ ಕೊಡುತ್ತಾರೆ ಅಂದರೆ ಹದಿನೈದೂ ಮಂದಿಯ ಮಾತೇ ಅಲ್ಲಿ ಜಾಮೀನು. ಒಬ್ಬರ ಕಂತು ನಿಂತರೆ ಉಳಿದವರ ಸಾಲಕ್ಕೂ ಕುತ್ತು. “ಬೇಡ” ಅಂದರೆ ಹುಡುಗನ ಬದುಕಿನ ಪ್ರಶ್ನೆ. “ಹೂಂ” ಅಂದರೆ ಎಲ್ಲರ ಮನೆಯ ಪ್ರಶ್ನೆ. ಆವತ್ತು ನಾವು ಅರ್ಧಂಬರ್ಧ ಉತ್ತರ ಕೊಟ್ಟು ಬಂದೆವು. ಆಮೇಲೆ ಕೆಲಸ ಬಲ್ಲವರನ್ನು ಕೇಳಿ, ಕೂತು ಲೆಕ್ಕ ಹಾಕಿ ನೋಡಿದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು, ಕೆಲಸ ಇದೆಯೇ? ಇದೆ. ರಾಯಚೂರು ನಗರದಲ್ಲಿ ಮನೆ ಮುಂದಿನ ಬೇವು, ಹೊಂಗೆ, ಗುಲ್‌ಮೊಹರ್ ಗಿಡಗಳು ತಗಡಿನ ಮೇಲೆ, ಕರೆಂಟ್ ತಂತಿಯ ಮೇಲೆ ಬಾಗಿವೆ. ಶಾಲೆ, ಚರ್ಚು, ಗುಡಿ, ದರ್ಗಾ ಅಂಗಳಗಳಲ್ಲಿ ಹಳೆಯ ಹುಣಸಿ, ಆಲ, ಅರಳಿ ಇವೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ನೆಲ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೆಲ. ಎರಡೂ ಕಡೆ ಬದುವಿನ ಗಿಡದ ನೆರಳು ಬೆಳೆಗೆ ಬೀಳುತ್ತದೆ ಅನ್ನುವ ರೈತರಿದ್ದಾರೆ. ಇನ್ನು ಬಳ್ಳಾರಿ ಜಾಲಿ ಅಂತೂ ಕೇಳುವುದೇ ಬೇಡ. ಇದು ನಮ್ಮ ನಾಡಿನ ಗಿಡವಲ್ಲ. ದಕ್ಷಿಣ ಅಮೆರಿಕದ ಕಡೆಯ ಈ ಗಿಡದ ಬೀಜವನ್ನು 1877ರ ಹೊತ್ತಿಗೆ ಆಗಿನ ಬ್ರಿಟಿಷ್ ಅರಣ್ಯ ಅಧಿಕಾರಿಗಳು ತರಿಸಿ, ನಮಗೆ ಹತ್ತಿರದ ಕಡಪ ಸೀಮೆಯಲ್ಲಿ ಉರುವಲಿಗೆಂದು ಹಚ್ಚಿದರು. ಈಗ ಹಳ್ಳ, ಕಾಲುವೆ ದಂಡೆ, ಬೀಳು ಹೊಲ ಎಲ್ಲಾ ಅದರದೇ ರಾಜ್ಯ.

ಆದರೆ ಕೆಲಸ ಇರುವುದು ಬೇರೆ, ವರ್ಷವಿಡೀ ಇರುವುದು ಬೇರೆ. ಟೊಂಗಿ ಕಡಿಸುವ ನೆನಪು ಜನರಿಗೆ ಬರುವುದು ಬೇಸಿಗೆಯಲ್ಲಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಒಂದು ಟೊಂಗಿ ಮುರಿದು ಬಿತ್ತು ಅಂದರೆ ಆ ಓಣಿಯಲ್ಲಿ ನಾಲ್ಕು ಮನೆಯವರು ಫೋನ್ ಮಾಡುತ್ತಾರೆ. ಮಳೆ ಹಿಡಿದ ಮೇಲೆ ಎರಿ ಹೊಲದಲ್ಲಿ ಮನುಷ್ಯರ ಕಾಲೇ ಹೂತುಹೋಗುತ್ತದೆ, ಗಾಡಿ ಎಲ್ಲಿಂದ ಹೋಗಬೇಕು? ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಕೂಲಿಯವರೂ ಸಿಗುವುದಿಲ್ಲ. ಹೀಗೆ ನಾಲ್ಕು ತಿಂಗಳು ಉಸಿರಾಡಲು ಪುರುಸೊತ್ತಿಲ್ಲ, ಎಂಟು ತಿಂಗಳು ಅಷ್ಟಕ್ಕಷ್ಟೇ. ಗಾಡಿಯ ಕಂತು ಮಾತ್ರ ಹನ್ನೆರಡೂ ತಿಂಗಳು ತಪ್ಪದೆ ಬರುತ್ತದೆ.

ಗಾಡಿಯ ಲೆಕ್ಕ

ಕೆಳಗಿನ ಅಂಕಿ ನಾವು ಲೆಕ್ಕಕ್ಕೆಂದು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ.

ಹಳೆಯ ಸಣ್ಣ ಗೂಡ್ಸ್ ಗಾಡಿಗೆ 3 ಲಕ್ಷ ಸಾಲ, ಮೂರು ವರ್ಷ, ವರ್ಷಕ್ಕೆ ನೂರಕ್ಕೆ 12ರಂತೆ ಇಳಿಕೆ ಬಡ್ಡಿ ಅಂದುಕೊಳ್ಳಿ. ತಿಂಗಳ ಕಂತು ಹತ್ತಿರ ಹತ್ತಿರ 10,000 ರೂಪಾಯಿ. ವಿಮೆ, ತೆರಿಗೆ, ಎಫ್‌ಸಿ, ಟೈರು, ರಿಪೇರಿ ಎಲ್ಲಾ ಕೂಡಿಸಿ ತಿಂಗಳಿಗೆ ಹರಿದು ಹಾಕಿದರೆ 4,000 ಅಂದುಕೊಳ್ಳೋಣ. ಅಂದರೆ ಗಾಡಿ ಮನೆ ಮುಂದೆ ನಿಂತರೂ ತಿಂಗಳಿಗೆ 14,000 ಖರ್ಚು. ಓಡಿಸಿದ ದಿನ ಡೀಸೆಲ್ಲು, ಡ್ರೈವರ್ ಸೇರಿ ಇನ್ನೂ 1,000. ಅದೇ ಗಾಡಿಯನ್ನು ಡ್ರೈವರ್ ಸಮೇತ ಬಾಡಿಗೆಗೆ ತಂದರೆ ದಿನಕ್ಕೆ 2,000 ಅಂದುಕೊಳ್ಳಿ.

ಹಾಗಾದರೆ ಸ್ವಂತ ಗಾಡಿ ಲಾಭಕ್ಕೆ ಬರಬೇಕೆಂದರೆ ತಿಂಗಳಿಗೆ 14 ದಿನಕ್ಕಿಂತ ಹೆಚ್ಚು ಓಡಬೇಕು, ಅದೂ ವರ್ಷವಿಡೀ. ಬೇಸಿಗೆಯ ನಾಲ್ಕು ತಿಂಗಳು 16 ದಿನದಂತೆ, ಉಳಿದ ಎಂಟು ತಿಂಗಳು 5 ದಿನದಂತೆ ಕೆಲಸ ಸಿಕ್ಕರೆ ಒಟ್ಟು 104 ದಿನ. ಸ್ವಂತ ಗಾಡಿಗೆ ಆಗುವ ಖರ್ಚು 2,72,000. ಬಾಡಿಗೆ ಗಾಡಿಗೆ 2,08,000. ಸ್ವಂತದ್ದಕ್ಕೆ 64,000 ರೂಪಾಯಿ ಹೆಚ್ಚು! ಈ ಲೆಕ್ಕ ಹೇಳಿದಾಗ ಆ ಹುಡುಗ, “ಗಾಡಿ ಖಾಲಿ ಇದ್ದಾಗ ಬಾಡಿಗಿ ಹೊಡೀತೀನ್ರಿ” ಅಂದ. ಆಗಬಹುದು. ಆದರೆ ಆಗ ಅದು ಗಾಡಿ ಬಾಡಿಗೆಯ ದಂಧೆ, ಟೊಂಗಿ ಕಡಿಯುವ ದಂಧೆ ಅಲ್ಲ. ಅದರ ಪೈಪೋಟಿ ಎಷ್ಟು ಅಂತ ರಾಯಚೂರಿನ ಯಾವುದೇ ಗೂಡ್ಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತು ನೋಡಿದರೆ ತಿಳಿಯುತ್ತದೆ.

ಸಾಲ ಕೊಡುವವರು “ನೂರಕ್ಕೆ 12” ಅಂದಾಗ ಇಳಿಕೆ ಬಡ್ಡಿಯೋ, ಫ್ಲಾಟ್ ಬಡ್ಡಿಯೋ ಕೇಳಿ. ಇಳಿಕೆ ಬಡ್ಡಿಯಲ್ಲಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಪೂರ್ತಿ 3 ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷಕ್ಕೆ ಮೊದಲನೆಯದರಲ್ಲಿ ಬಡ್ಡಿ ಸುಮಾರು 59,000, ಎರಡನೆಯದರಲ್ಲಿ 1,08,000. ಹೇಳುವ ದರ ಒಂದೇ, ಕಟ್ಟುವ ದುಡ್ಡು ಬೇರೆ.

ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಶುರುವಾಗಿದ್ದೇ ಇದೇ ಲೆಕ್ಕದ ಮೇಲೆ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಯಂತ್ರವನ್ನು ಪ್ರತಿ ರೈತರೂ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಮೇಲು ಅಂತ.

ಟ್ರಾಲಿಯಲ್ಲಿ ಕೂರುವ ಮುಂಚೆ

ಈ ಮಾತನ್ನು ದಯವಿಟ್ಟು ಎರಡು ಸಲ ಓದಿ, ಓದಲು ಬಾರದ ಸದಸ್ಯರಿಗೆ ಓದಿ ಹೇಳಿ.

“ಊರಾಗ ಟ್ರ್ಯಾಕ್ಟರ್ ಅದಲ್ಲ, ಗಾಡಿ ಯಾಕ್ರಿ?” ಅಂತ ಕೆಲವರು ಅನ್ನುತ್ತಾರೆ. ಟ್ರ್ಯಾಕ್ಟರು ನೋಂದಣಿ ಆಗಿರುವುದು ಕೃಷಿ ಕೆಲಸಕ್ಕೆ. ವಿಮೆಯೂ ಅದಕ್ಕೇ. ಅದಕ್ಕೆ ಟ್ರಾಲಿ ಕಟ್ಟಿ ಬಾಡಿಗೆಗೆ ಕಟ್ಟಿಗೆ ಹೊಡೆದರೆ ಅದು ಕೃಷಿ ಕೆಲಸ ಆಗುವುದಿಲ್ಲ. ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿ ಸರಕು ಸಾಗಿಸಿದರೆ ಅದು ಸರಕು ಸಾಗಣೆ ವಾಹನವೇ, ಅದಕ್ಕೆ ಪರ್ಮಿಟ್ ಬೇಕು ಅಂತ 2005ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತ ಆದಾಗ ವಿಮಾ ಕಂಪನಿಯವರು ಮೊದಲು ನೋಡುವುದೇ ಇದನ್ನು.

ಇನ್ನೊಂದು ಇದಕ್ಕಿಂತ ದೊಡ್ಡದು. ಕೆಲಸ ಮುಗಿಸಿ, ಕಡಿದ ಕಟ್ಟಿಗೆಯ ಮೇಲೆಯೇ ಕೂತು ಮನೆಗೆ ಬರುವುದು ನಮ್ಮಲ್ಲಿ ರೂಢಿ. ಹತ್ತಿ ಹೊಲಕ್ಕೂ ಹಾಗೇ ಹೋಗುತ್ತೇವೆ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತ ಪ್ರಯಾಣಿಕರಿಗೆ ಏನಾದರೂ ಆದರೆ ವಿಮಾ ಕಂಪನಿಗೆ ಪರಿಹಾರದ ಹೊಣೆ ಇಲ್ಲ ಅನ್ನುವುದು 2002ರ ಕೊನೆಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಅಂದರೆ ಪರಿಹಾರದ ಹೊಣೆ ಗಾಡಿ ಮಾಲೀಕರ ತಲೆ ಮೇಲೆ. ಗಾಡಿ ನಿಮ್ಮ ಸದಸ್ಯೆಯ ಹೆಸರಿನಲ್ಲಿ ಇದ್ದರೆ ಅವರೇ ಮಾಲೀಕರು! ಗಾಡಿಯ ಕೆಲಸಕ್ಕೆಂದೇ ಇಟ್ಟುಕೊಂಡ ಆಳುಗಳಿಗೆ ಬೇರೆ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯಬಹುದು. ಪಾಲಿಸಿ ಕಾಗದದಲ್ಲಿ ಎಷ್ಟು ಜನಕ್ಕೆ ಕಟ್ಟಿದೆ ಅಂತ ಓದಿಸಿ. ಡ್ರೈವರ್ ಬಿಟ್ಟು ಒಬ್ಬರಿಗೆ ಅಂತಿದ್ದರೆ ಒಬ್ಬರೇ ಕೂರಬೇಕು, ಅದೂ ಕ್ಯಾಬಿನ್ನಿನಲ್ಲಿ. ಉಳಿದವರು ಬಸ್ಸಿಗೆ ಬರಲಿ. ಬಸ್ಸಿನ ಖರ್ಚನ್ನು ಗಿರಾಕಿಗೆ ಹೇಳುವ ದರದಲ್ಲೇ ಸೇರಿಸಿ.

ಬಾಡಿಗೆಗೆ ತರುವ ಗಾಡಿಗೂ ಇದೇ ಮಾತು. ಆರ್‌ಸಿ, ವಿಮೆ, ಎಫ್‌ಸಿ, ಡ್ರೈವರ್ ಲೈಸೆನ್ಸ್ ನೋಡಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಲೈಸೆನ್ಸಿನ ಬಗ್ಗೆ ಒಂದು ಒಳ್ಳೆಯ ಸುದ್ದಿ: ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತ ಮಾಡಿದೆ.

ಭಾರದ ವಿಷಯ ಯಾರೂ ಎಣಿಸುವುದಿಲ್ಲ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದಷ್ಟು ಗಟ್ಟಿ ಹಸಿ ಕಟ್ಟಿಗೆ ಏಳು ಕ್ವಿಂಟಲ್ ಸಮೀಪ ತೂಗುತ್ತದೆ. ಸಣ್ಣ ಗಾಡಿಗೆ ಅಷ್ಟಕ್ಕೇ ಹೊಟ್ಟೆ ತುಂಬಿತು. ಸೊಪ್ಪು, ರೆಂಬೆ ಕಣ್ಣಿಗೆ ದೊಡ್ಡ ರಾಶಿ ಕಂಡರೂ ತೂಕ ಕಡಿಮೆ; ಬೊಡ್ಡೆ ಸಣ್ಣದಾಗಿ ಕಂಡರೂ ಅದೇ ಅಚ್ಚು ಮುರಿಯುವುದು. ಜಾಲಿ ಮುಳ್ಳಿನ ಬಗ್ಗೆ ನಿಮಗೆ ನಾವು ಹೇಳಬೇಕೇ? ಚಪ್ಪಲಿ ದಾಟಿ ಕಾಲಿಗೆ ಇಳಿಯುವ ಮುಳ್ಳು ಟೈರನ್ನು ಬಿಡುತ್ತದೆಯೇ? ಜಾಲಿ ಕೆಲಸಕ್ಕೆ ಹೋದಾಗ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಕಟ್ಟಿಗೆಯನ್ನು ಅಲ್ಲಿಗೆ ತನ್ನಿ. ಎರಡು ಪಂಚರಿನ ದುಡ್ಡಿಗೆ ಒಬ್ಬರ ಅರ್ಧ ದಿನದ ಕೂಲಿ ಬರುತ್ತದೆ.

ಮಷೀನು, ಹಗ್ಗ, ಹೆಲ್ಮೆಟ್ಟು

ಹಾಗಾದರೆ ಮೊದಲು ಕೊಳ್ಳಬೇಕಾದ್ದು ಯಾವುದು? ಕೈಗರಗಸ, ಉದ್ದ ಕೋಲಿನ ಗರಗಸ, ಎರಡು ಒಳ್ಳೆಯ ಹಗ್ಗ, ಸೊಂಟ-ತೊಡೆಗೆ ಕಟ್ಟುವ ಬೆಲ್ಟು, ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಗಟ್ಟಿ ಬೂಟು. ಆಮೇಲೆ ಪೆಟ್ರೋಲ್ ಕಟಿಂಗ್ ಮಷೀನ್. ಅಂಗಡಿಯಲ್ಲಿ ಮಷೀನನ್ನು ಮುಂದೆ ಮಾಡಿ ತೋರಿಸುತ್ತಾರೆ, ಹಗ್ಗ ತೋರಿಸುವುದಿಲ್ಲ. ಆದರೆ ಜೀವ ನಿಂತಿರುವುದು ಹಗ್ಗದ ಮೇಲೆ. ಬಾವಿ ಹಗ್ಗ, ಎತ್ತಿನ ಹಗ್ಗ ಮನುಷ್ಯರನ್ನು ಕಟ್ಟಲು ಅಲ್ಲ. ಟೊಂಗಿ ಇಳಿಸುವ ಹಗ್ಗ ಬೇರೆ, ಮನುಷ್ಯರ ಹಗ್ಗ ಬೇರೆ ಇರಲಿ, ಬಣ್ಣವೂ ಬೇರೆ ಇರಲಿ. ನಮ್ಮ ರಾಯಚೂರು ಬಿಸಿಲಿಗೆ ನೈಲಾನ್ ಹಗ್ಗ ಬೇಗ ಜೀವ ಕಳೆದುಕೊಳ್ಳುತ್ತದೆ. ಅಂಗಳದಲ್ಲಿ ಬಿಸಾಡದೆ ನೆರಳಲ್ಲಿ ತೂಗುಹಾಕಿ.

ಮಷೀನಿಗೆ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಬೇಕು. ಎಷ್ಟು ಅನ್ನುವುದು ಕಂಪನಿಯ ಪುಸ್ತಕದಲ್ಲಿ ಇರುತ್ತದೆ. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿ.ಲೀ.; 25ಕ್ಕೆ 1 ಅಂತಿದ್ದರೆ 40 ಮಿ.ಲೀ. ಕಣ್ಣಂದಾಜಿನಲ್ಲಿ ಸುರಿದರೆ ಪಿಸ್ಟನ್ ಹಿಡಿದುಕೊಂಡು ಮಷೀನ್ ಮೂಲೆಗೆ ಬೀಳುತ್ತದೆ. ಮಕ್ಕಳ ಔಷಧಿ ಬಾಟಲಿಯ ಅಳತೆ ಮುಚ್ಚಳ ಸಾಕು. (ಆ ಮುಚ್ಚಳ ಮತ್ತೆ ಔಷಧಿಗೆ ಬೇಡ!) ಸರಪಳಿಗೆ ಸುರಿಯುವ ಆಯಿಲ್ ಬೇರೆ, ಅದು ಮುಗಿದರೆ ಪಟ್ಟಿ ಕಾದು ಹಾಳಾಗುತ್ತದೆ. ಬಿಸಿ ಮಷೀನಿಗೆ ಪೆಟ್ರೋಲ್ ಹಾಕಬೇಡಿ, ಹತ್ತು ನಿಮಿಷ ಆರಲಿ.

ಜಾಲಿ, ಹುಣಸಿ ಗಟ್ಟಿ ಕಟ್ಟಿಗೆ. ಹಲ್ಲು ಬೇಗ ಮೊಂಡಾಗುತ್ತದೆ. ಹೊಟ್ಟು ಚೂರು ಚೂರಾಗಿ ಬಿದ್ದರೆ ಹಲ್ಲು ಹರಿತ ಇದೆ, ಹಿಟ್ಟಿನಂತೆ ಉದುರಿದರೆ ಮೊಂಡಾಗಿದೆ. ಮೊಂಡ ಸರಪಳಿಯನ್ನು ಒತ್ತಿ ಹಿಡಿದು ಕೆಲಸ ಮಾಡುವುದೇ ಕೈ ಜಾರುವ ದಾರಿ. ಗುಂಡು ಅರ ಇಟ್ಟುಕೊಂಡು, ಎಲ್ಲಾ ಹಲ್ಲಿಗೂ ಒಂದೇ ಲೆಕ್ಕದಲ್ಲಿ ತಿಕ್ಕಬೇಕು. ಈ ಕೆಲಸ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಚೆನ್ನಾಗಿ ಬರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅವಸರ ಇಲ್ಲದ ಕೈ ಬೇಕು ಅಷ್ಟೇ.

ಪಟ್ಟಿಯ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಮಷೀನ್ ಮುಖದ ಕಡೆ ಚಿಮ್ಮುತ್ತದೆ. ಅದಕ್ಕೇ ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು, ಏಣಿಯ ಮೇಲೆ ನಿಂತು ಕೊಯ್ಯಬಾರದು, ಒಂದೇ ಕೈಯಲ್ಲಿ ಹಿಡಿಯಬಾರದು. ಗಿಡದ ಮೇಲೆ ಕೈಗರಗಸವೇ ಸಾಕು. ಮಷೀನ್ ನೆಲದ ಮೇಲೆ ಇರಲಿ. ಸೆರಗು, ವೇಲು, ಬಿಚ್ಚಿದ ಕೂದಲು ಮಷೀನಿನ ಹತ್ತಿರ ಬರಬಾರದು. ಗಿಡ ಹತ್ತುವ ಮುಂಚೆ ಹೆಜ್ಜೇನು ಇದೆಯೇ ನೋಡಿ. ಇದ್ದರೆ ಆವತ್ತು ಕೆಲಸವೇ ಬೇಡ. 18 ತುಂಬದ ಹುಡುಗರನ್ನು, ಎಷ್ಟೇ ಚುರುಕಿದ್ದರೂ, ಹತ್ತಿಸಬೇಡಿ.

ತಂತಿಯ ಹತ್ತಿರದ ಟೊಂಗಿಗೆ ಒಂದೇ ನಿಯಮ: ಜೆಸ್ಕಾಂನವರು ಬಂದು ಲೈನ್ ಬಂದ್ ಮಾಡಿ, ನಿಂತು ಹೇಳುವ ತನಕ ಮುಟ್ಟಬಾರದು. “ಕರೆಂಟ್ ಹೋಗ್ಯಾದ, ಲಗೂನ ಕಡೀರಿ” ಅನ್ನುವ ಗಿರಾಕಿಯ ಮಾತು ಕೇಳಬೇಡಿ. ಹೋದ ಕರೆಂಟು ಹೇಳದೆ ಬರುತ್ತದೆ. ಹಸಿ ಟೊಂಗಿಯಲ್ಲಿ ಕರೆಂಟ್ ಹರಿಯುತ್ತದೆ. 1912 ನಂಬರಿಗೆ ಫೋನ್ ಮಾಡಿ ತಿಳಿಸಿ, ಅವರು ಬರುವುದು ನಾಳೆ ಆದರೆ ಕೆಲಸವೂ ನಾಳೆಗೇ.

ಕೆಲಸಗಾರರೆಲ್ಲರಿಗೂ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಮರಣವಾದರೆ 2 ಲಕ್ಷ. 18ರಿಂದ 70 ವರ್ಷದವರಿಗೆ ಬ್ಯಾಂಕ್ ಖಾತೆಯ ಮೂಲಕವೇ ಆಗುತ್ತದೆ.

ಗಿಡ ಉಳಿಯುವಂತೆ ಕಡಿಯುವುದು

ಕೊಡ್ಲಿ ಹಿಡಿದವರು ಬಹಳ ಜನ ಇದ್ದಾರೆ. ನಿಮ್ಮ ಹುಡುಗರನ್ನೇ ಕರೆಯಬೇಕೆಂದರೆ ಅವರು ಕಡಿದ ಗಿಡ ಮುಂದಿನ ವರ್ಷ ಚೆಂದ ಕಾಣಬೇಕು. ದಪ್ಪ ಟೊಂಗಿಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅದು ಬೀಳುವಾಗ ಬೊಡ್ಡೆಯ ಸಿಪ್ಪೆ ಸುಲಿದುಕೊಂಡು ಹೋಗುತ್ತದೆ. ಅದಕ್ಕೆ ಮೂರು ಕೊಯ್ತ. ಬುಡದಿಂದ ಒಂದು ಮೊಳ ಆಚೆ, ಮೊದಲು ಕೆಳಗಿನಿಂದ ಸ್ವಲ್ಪ. ಆಮೇಲೆ ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಪೂರ್ತಿ. ಭಾರ ಹೋದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿನ ಹತ್ತಿರ ತೆಗೆಯುವುದು. ಆ ಉಬ್ಬನ್ನು ಮಾತ್ರ ಕೊಯ್ಯಬಾರದು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ (1930–2006) ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದು ಇದನ್ನೇ: ಗಾಯ ಮುಚ್ಚುವ ಶಕ್ತಿ ಆ ಉಬ್ಬಿನಲ್ಲಿದೆ. ಮರ ನಮ್ಮ ಚರ್ಮದಂತೆ ಗಾಯ ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಭಾಗವನ್ನು ಒಳಗೇ ಗೋಡೆ ಕಟ್ಟಿ ಬೇರೆ ಮಾಡುತ್ತದೆ. ಡಾಂಬರು, ಪೇಂಟು ಬಳಿದರೆ ಉಪಯೋಗ ಇಲ್ಲ ಅಂತಲೂ ಅವರು ತೋರಿಸಿಕೊಟ್ಟರು.

ಗಿಡದ ತಲೆಯನ್ನೇ ಹಾರಿಸಿ ಬೋಳು ಮಾಡಿಸುವ ಗಿರಾಕಿಗಳು ಬಹಳ. ಹಾಗೆ ಮಾಡಿದರೆ ಸುತ್ತ ಬರುವ ಹೊಸ ಚಿಗುರು ಗಟ್ಟಿ ಹಿಡಿದಿರುವುದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಅವೇ ಗಾಳಿಗೆ ಮುರಿದು ಬೀಳುತ್ತವೆ. ತಿಳಿಸಿ ಹೇಳಿ. ಬೇವು ಒಣಗಿದೆ, ಬುಡಕ್ಕೆ ಕಡೀರಿ ಅನ್ನುವವರಿಗೂ ಅವಸರ ಬೇಡ ಅನ್ನಿ. 2021ರಲ್ಲಿ ನೆರೆಯ ತೆಲಂಗಾಣದ ತುಂಬ ಬೇವಿನ ತುದಿ ಒಣಗಿ ಕಂದಾದಾಗ ಜನ ಗಿಡ ಸತ್ತೇಹೋಯಿತು ಅಂದುಕೊಂಡಿದ್ದರು. ಅದು ಬೂಷ್ಟು ರೋಗ, ಜೊತೆಗೆ ರಸ ಹೀರುವ ತಿಗಣೆ. ಬಹಳ ಗಿಡಗಳು ಮತ್ತೆ ಚಿಗುರಿದವು. ಒಣಗಿದ ತುದಿ ತೆಗೆದು ಸುಟ್ಟು, ಗರಗಸವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನ ಗಿಡಕ್ಕೆ ಹೋಗಿ. ಬಳ್ಳಾರಿ ಜಾಲಿಗೆ ಮಾತ್ರ ಈ ಕನಿಕರ ಬೇಡ; ನೆಲದ ಮಟ್ಟಕ್ಕೆ ಕಡಿದರೆ ಹತ್ತು ಕವಲಾಗಿ ಏಳುತ್ತದೆ, ಬೇರಿನ ತಲೆ ಸಮೇತ ಅಗೆದು ತೆಗೆಯಬೇಕು. ಅಗೆಯುವ ಕೂಲಿಯನ್ನು ದರ ಹೇಳುವಾಗಲೇ ಸೇರಿಸಿ.

ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. ಬುಡ ಕತ್ತರಿಸುವುದಷ್ಟೇ ಅಲ್ಲ, ಮರಕ್ಕೆ ಹಾನಿ ಮಾಡುವುದೂ ಅದರಲ್ಲಿ ಬರುತ್ತದೆ. ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್, ತೆಂಗು ಮುಂತಾದವಕ್ಕೆ ವಿನಾಯಿತಿ ಇದೆ. ಆದರೂ ಕಟ್ಟಿಗೆಯನ್ನು ಅಡ್ಡೆಗೋ ಇಟ್ಟಂಗಿ ಭಟ್ಟಿಗೋ ಸಾಗಿಸುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಿ. ಅನುಮತಿ ಕಾಗದ ಗಿರಾಕಿಯ ಹೆಸರಿನಲ್ಲಿ ಇರಲಿ, ಜೆರಾಕ್ಸ್ ನಿಮ್ಮ ಗಾಡಿಯಲ್ಲಿ ಇರಲಿ. ಕಾಗದ ಇಲ್ಲದಿದ್ದರೆ ಗಾಡಿ ಹಿಡಿಯುತ್ತಾರೆ, ಆಗ ಕಂತು ಯಾರು ಕಟ್ಟಬೇಕು?

ದರವನ್ನು ಫೋನಿನಲ್ಲಿ ಹೇಳಬೇಡಿ. ಗಿಡ ನೋಡಿ, ಕಟ್ಟಿಗೆ ಯಾರಿಗೆ, ಸೊಪ್ಪು ಎತ್ತುವವರು ಯಾರು, ಕಂಪೌಂಡ್ ಒಡೆದರೆ ಯಾರ ಹೊಣೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ, ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ. ಮಾನ್ವಿಯಿಂದ ರಾಯಚೂರಿಗೆ ಸುಮಾರು 45 ಕಿ.ಮೀ.; ಒಂದು ಗಿಡಕ್ಕಾಗಿ ಹೋಗಿ ಬಂದರೆ ಲಾಭ ಡೀಸೆಲ್ಲಿಗೇ ಹೋಯಿತು. ಒಂದೇ ಬಡಾವಣೆಯಲ್ಲಿ ಮೂರು ಕೆಲಸ ಕೂಡಿದ ಮೇಲೆ ಹೋಗಿ. ಮಷೀನ್ ಓಡಿದ ಪ್ರತಿ ದಿನಕ್ಕೆ 100 ರೂಪಾಯಿ ಬೇರೆ ಡಬ್ಬಿಗೆ ಹಾಕಿ, ರಿಪೇರಿಗೆ ಸಂಘದ ಮುಂದೆ ಕೈ ಚಾಚುವುದು ತಪ್ಪುತ್ತದೆ.

ಇದನ್ನೆಲ್ಲ ಹಿಡಿದು ನಾವು ಆ ಸಂಘಕ್ಕೆ ಮತ್ತೊಮ್ಮೆ ಹೋದೆವು. ಎರಡು ತಾಸು ಚರ್ಚೆ ಆಯಿತು. ಹುಡುಗನೂ ಬಂದಿದ್ದ, ಸ್ವಲ್ಪ ಮುಖ ಊದಿಸಿಕೊಂಡೇ ಕೂತಿದ್ದ. ಕೊನೆಗೆ ಸಂಘದ ಒಳಗಿನ ಉಳಿತಾಯದಿಂದ 40,000 ಸಾಲ ಕೊಟ್ಟರು: ಮಷೀನು, ಹಗ್ಗ, ಬೆಲ್ಟು, ಹೆಲ್ಮೆಟ್ಟಿಗೆ. ಗಾಡಿ ಒಂದು ಬೇಸಿಗೆ ಬಾಡಿಗೆಯದೇ. ಎಷ್ಟು ದಿನ ಓಡಿತು, ಎಷ್ಟು ಬಂತು ಅನ್ನುವ ಲೆಕ್ಕವನ್ನು ತಾಯಿಯೇ ಬರೆದು ತಿಂಗಳ ಕೊನೆಯ ಸಭೆಗೆ ತರಬೇಕು. ಗಾಡಿಯ ಮಾತನ್ನು ಮೇ ಕಳೆದ ಮೇಲೆ, ಆ ಪುಸ್ತಕ ಮುಂದಿಟ್ಟುಕೊಂಡು ತೆಗೆಯೋಣ ಅಂತ ನಡಾವಳಿಯಲ್ಲಿ ಬರೆದು ಹದಿನೈದೂ ಮಂದಿ ಸಹಿ ಹಾಕಿದರು.